ಗೆಡಲ್ಯನ ಚುಕ್ಕಿಗಳು

ಅರವತ್ತೇಳರ ಯುದ್ಧದಲ್ಲಿ ಶೆಲ್ಲು ಬೀಳತೊಡಗಿದಾಗ ಜೆರುಸಲೇಮಿಗೆ ಜೆರುಸಲೇಮೇ ನೆಲಮಾಳಿಗೆ ಸೇರಿತು. ಗೆಡಲ್ಯನೊಬ್ಬ ಅರ್ಧ ದಾರಿಯಿಂದ ವಾಪಸು ಓಡಿದ. ಹೆಂಡತಿಗಾಗಿ ಅಲ್ಲ; ಮೇಜಿನ ಮೇಲಿದ್ದ ಕವಿತೆಯೊಂದರಲ್ಲಿ ಬಿಟ್ಟುಹೋಗಿದ್ದ ಚುಕ್ಕಿಗಾಗಿ. ಅಚ್ಚುಕೂಟಗಳಲ್ಲಿ ಇಂದಿಗೂ ಹೇಳುತ್ತಾರೆ: ಕಿಟಕಿ ಪುಡಿಯಾಯಿತಂತೆ, ಗೋಡೆ ಬಿರುಕು ಬಿಟ್ಟಿತಂತೆ, ಚುಕ್ಕಿ ಮಾತ್ರ ಕದಲಲಿಲ್ಲವಂತೆ. ಈ ಕಥೆಗೆ ಅವನ ಹೆಂಡತಿ ಒಂದು ದಿನವೂ ನಗಲಿಲ್ಲ.

ಅವನ ಕಸುಬೇ ಅದು. ಹೀಬ್ರೂ ಪತ್ರಿಕೆಯನ್ನು ಜನ ಸ್ವರಗಳಿಲ್ಲದೆ ಊಹೆಯ ಮೇಲೆ ಓದಿಕೊಳ್ಳುತ್ತಾರೆ. ಪ್ರಾರ್ಥನೆಗೂ ಕವಿತೆಗೂ ಊಹೆ ಸಾಲದು. ಅಕ್ಷರದಡಿ ಚುಕ್ಕಿಯಿಟ್ಟು ಸ್ವರ ಕೊಡಬೇಕು. ಗೆಡಲ್ಯನ ಕೈದಾಟಿದ ಹಾಳೆಯಲ್ಲಿ ಬೋಳು ಪದ ಕಂಡವರೇ ಇರಲಿಲ್ಲ.

ಎಪ್ಪತ್ತಮೂರರ ಯುದ್ಧ ಮುಗಿದ ಚಳಿಗಾಲದಲ್ಲಿ ಮೆನಶೆ ಒಂದು ಹಾಳೆ ತಂದ. ಯೆಹೂದಿಗಳ ಪ್ರಾರ್ಥನಾಮಂದಿರ ಸಿನಗಾಗಿನಲ್ಲಿ ಗೆಡಲ್ಯನ ಪಕ್ಕದ ಆಸನದವನು. ಸಿನಾಯ್ ಮರುಭೂಮಿಯ ಕಾಳಗದಲ್ಲಿ ಸತ್ತ ಮಗ ಎಲ್ದಾದನ ಚೀಲದಲ್ಲಿ ಸಿಕ್ಕಿದ್ದ ಒಂದೇ ಕವಿತೆ ಅದು. ನೆನಪಿನ ಪುಸ್ತಿಕೆಗೆ ಚುಕ್ಕಿಯಿಟ್ಟು ಕೊಡಬೇಕಿತ್ತು. ಆ ಮಗ ಹದಿನಾರಕ್ಕೇ ತಲೆಯ ಟೋಪಿ ಕಿತ್ತಿಟ್ಟು ದೇವರ ಸಹವಾಸ ಬಿಟ್ಟಿದ್ದವನು.

ಕೊನೆಯ ಸಾಲು: ‘ಮರಳಿ ನಿನ್ನ ಬಳಿಗೇ ಬರುತ್ತೇನೆ.’ ಹೀಬ್ರೂವಿನಲ್ಲಿ ‘ನಿನ್ನ ಬಳಿಗೆ’ ಎಂಬ ಪದ ಬೋಳಾಗಿದ್ದರೆ ಗಂಡಿಗೂ ಸೈ, ಹೆಣ್ಣಿಗೂ ಸೈ. ಚುಕ್ಕಿ ಬಿದ್ದಮೇಲೆ ಇಬ್ಬರಲ್ಲೊಬ್ಬರಿಗೆ. ದೇವರಿಗೆ ಗಂಡುಚುಕ್ಕಿ.

"ನೋಡೋ ಗೆಡಲ್ಯ, ಕೊನೆಗೆ ದೇವರನ್ನೇ ಕರೆದಿದಾನೆ ನನ್ನ ಮಗ," ಎಂದು ಮೆನಶೆ ಎದುರಿಗೇ ಕುರ್ಚಿ ಎಳೆದುಕೊಂಡು ಕೂತ.

ಅದರ ಮೇಲಿನ ಸಾಲಿನಲ್ಲಿ ಮೆಟ್ಟಿಲಿನ ಮೇಲೆ ಮರಳು ಉದುರಿಸುತ್ತ ಹತ್ತುವ ‘ನಿನ್ನ’ ಚಪ್ಪಲಿಗಳಿದ್ದವು. ದೇವರು ಚಪ್ಪಲಿ ಮೆಟ್ಟುವುದಿಲ್ಲವೆಂಬುದು ಗೆಡಲ್ಯನಿಗೆ ಗೊತ್ತಿತ್ತು. ಗಂಡುಚುಕ್ಕಿಯನ್ನೇ ಇಟ್ಟ.

ಬೇಸಿಗೆಯಲ್ಲಿ ರಕೆಫೆತ್ ಎಂಬ ಹುಡುಗಿ ಪುಸ್ತಿಕೆ ಹಿಡಿದು ಬಂದಳು. ಗೆಡಲ್ಯ ಅವಳ ಚಪ್ಪಲಿ ನೋಡಿದ. ಮುಖ ನೋಡುವ ಧೈರ್ಯ ಬರಲಿಲ್ಲ.

"ನಂಗೂ ಎಲ್ದಾದನಿಗೂ ಮದುವೆ ಆಗಿರ್ಲಿಲ್ಲ ಸ್ವಾಮಿ. ಸಮಾಧಿ ಹತ್ರ ನಿಂತ್ರೆ ಯಾರಮ್ಮ ನೀನು ಅಂತಾರೆ. ನಂಗಿದ್ದದ್ದು ಈ ಒಂದು ಪದ. ಇದನ್ನೂ ಎತ್ತಿ ದೇವರಿಗೆ ಕೊಟ್ರಾ? ಅವನಿಗೇನು ಕಮ್ಮಿಯಾಗಿತ್ತು?"

"ಅವರಪ್ಪ ಎದುರಿಗೆ ಕೂತಿದ್ರಮ್ಮ. ನೀನು ಕೂತಿರ್ಲಿಲ್ಲ."

ಆಮೇಲೆ ಪ್ರತಿ ಶನಿವಾರದ ಪ್ರಾರ್ಥನೆಯಲ್ಲಿ ಪಕ್ಕದ ಆಸನದಲ್ಲಿ ಮೆನಶೆ ಆ ಸಾಲನ್ನು ಗುನುಗುವುದು, ಗೆಡಲ್ಯ ಕೆಮ್ಮುವುದು. ಶೆಲ್ಲಿಗೆ ಜಗ್ಗದ ವೀರ ಒಂದು ಗುನುಗಿಗೆ ಸೋತು ಹಿಂದಿನ ಸಾಲಿನ ಆಸನಕ್ಕೆ ಓಡಿಹೋದ. ಗುನುಗು ಅಲ್ಲಿಗೂ ಕೇಳಿಸಿತು.

ಎಲ್ದಾದನ ವರ್ಷದ ಪುಣ್ಯತಿಥಿಗೆ ಪುಸ್ತಿಕೆ ಮತ್ತೆ ಅಚ್ಚಿಗೆ ಬಂತು. ಹೆಣ್ಣುಚುಕ್ಕಿ ಇಟ್ಟರೆ ಅಪ್ಪ ಮಗನನ್ನು ಎರಡನೇ ಸಲ ಕಳೆದುಕೊಳ್ಳುತ್ತಾನೆ. ಇದ್ದದ್ದನ್ನೇ ಬಿಟ್ಟರೆ ಆ ಹುಡುಗಿಗೆ ಏನೂ ಉಳಿಯುವುದಿಲ್ಲ. ಗೆಡಲ್ಯ ರಬ್ಬರು ಹುಡುಕಿದ. ಆ ಪದ ಬೋಳಾಗಿಯೇ ಅಚ್ಚಾಯಿತು.

ಅಚ್ಚುಕೂಟಗಳಲ್ಲಿ ಗುಲ್ಲೋ ಗುಲ್ಲು. ದೇವರ ಗುಟ್ಟಿದೆ ಅಂದರು ಅಚ್ಚಿನ ಮೊಳೆ ಜೋಡಿಸುವವರು. ಹೊಸ ಕಾವ್ಯದ ವರಸೆ ಅಂದರು ಕವಿಗಳು. ಮೆನಶೆ ಪುಸ್ತಿಕೆ ಹಿಡಿದು ಬಂದ.

"ನೀನು ಸುಮ್ಸುಮ್ಮನೆ ಚುಕ್ಕಿ ಬಿಡೋನಲ್ಲ. ಏನೋ ಇದರರ್ಥ?"

ಗೆಡಲ್ಯ ಕನ್ನಡಕ ತೆಗೆದು ಒರೆಸಿದ.

"ಇಡೋದು ಮರೆತುಹೋಯ್ತು ಕಣೋ."