ಬಾಗಿಲ ಬಳಿ ನಿಂತು ಆರಿಸಿದ ಟಿವಿ

ಸ್ವಿಚ್ ಒತ್ತಿದ ಮೇಲೆ ಝರ್ಣಾ ಸಾಂತ್ರಾ ಪರದೆಯನ್ನು ನೋಡುವುದಿಲ್ಲ. ಕಣ್ಣು ಮುಚ್ಚಿ, ಟಿವಿಯ ಬೆನ್ನಿಗೆ ಕಿವಿಗೊಟ್ಟು ನಿಲ್ಲುತ್ತಾರೆ. ಒಳಗೆಲ್ಲೋ ಟಕ್ ಎನ್ನುತ್ತದೆ. ಆಮೇಲೆ, ದೂರದ ಜೇನುಗೂಡಿನಂಥ ಗುಂಯ್ ಸದ್ದು. "ಎದ್ದ," ಎಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಬೆಳಕು ಬರುವುದು ಆಮೇಲೆ.

ಹಾತಿಬಾಗಾನಿನ ಓಣಿಯಲ್ಲಿ ಇನ್ನೂ ನಸುಕು. ರಿಪೇರಿಯಾದ ಪ್ಲಾಸ್ಮಾ ಟಿವಿಯನ್ನು ಅವರು ಮೊದಲ ಸಲ ಹಚ್ಚುವುದು ಯಾವಾಗಲೂ ಈ ಹೊತ್ತಿಗೇ. ಆಗ ಕರೆಂಟು ಕುಣಿಯುವುದಿಲ್ಲ. ಪರದೆಯ ಕಪ್ಪು ಎಷ್ಟು ಕಪ್ಪಗಿದೆ ಎಂದು ನೋಡಲು ಸುತ್ತ ಕತ್ತಲೂ ಬೇಕು. ಇವತ್ತು ಇನ್ನೊಂದು ಕಾರಣವೂ ಇದೆ. ಅಮೆರಿಕದಲ್ಲಿ ಸಂಜೆ ನಡೆಯುವ ವಿಶ್ವಕಪ್ ಫುಟ್‌ಬಾಲಿನ ಬ್ರೆಜಿಲ್ ಆಟ ಕಲ್ಕತ್ತೆಯಲ್ಲಿ ಬೆಳಗಿನ ಜಾವ ಕಾಣುತ್ತದೆ. ಓಣಿಯ ಕ್ಲಬ್ಬಾದ ಉದಯನ ಸಂಘದ ಸದಸ್ಯರು ಒಬ್ಬೊಬ್ಬರಾಗಿ ಬರುತ್ತಿದ್ದಾರೆ, ಕೈಯಲ್ಲಿ ಚಹಾದ ಮಣ್ಣಿನ ಕುಡಿಕೆ, ಕಾಗದದ ಪೊಟ್ಟಣದಲ್ಲಿ ಮಂಡಕ್ಕಿ.

ಸಂಘದ ಕೋಣೆಯ ಗೋಡೆಯ ಮೇಲೆ ಎರಡು ಟಿವಿಗಳಿವೆ. ಒಂದು, ಝರ್ಣಾ ಈಗಷ್ಟೇ ಎಬ್ಬಿಸಿದ ಹಳೆಯ ಪ್ಲಾಸ್ಮಾ. ಪಕ್ಕದಲ್ಲಿ, ಸಂಘದ ಹೊಸ ಖಜಾಂಚಿ ಟುಕಾಯಿ ತಾನು ಕೆಲಸ ಮಾಡುವ ಅಂಗಡಿಯಿಂದ ಪರೀಕ್ಷೆಗೆಂದು ತಂದ, ಕೂದಲೆಳೆಯನ್ನೂ ತೋರಿಸುವ ಹೊಸ ಫೋರ್‌ಕೆ ಟಿವಿ. ಆಟ ಮುಗಿದ ಮೇಲೆ ಕೈ ಎತ್ತಿ ತೀರ್ಮಾನ: ಗೋಡೆಯಲ್ಲಿ ಒಂದೇ ಉಳಿಯುತ್ತದೆ. ಪ್ಲಾಸ್ಮಾ ಸೋತರೆ ಗುಜರಿಗೆ.

ಇದು ಝರ್ಣಾರಿಗೆ ಬರೀ ಒಂದು ರಿಪೇರಿ ಅಲ್ಲ. ಆ ಟಿವಿಯನ್ನು ಆರಿಸಿಕೊಟ್ಟವರೇ ಅವರು.

ಸಾಲ್ಟ್‌ಲೇಕಿನ ಟಿವಿ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದ ಹುಡುಗಿಯರ ಸಾಲಿನಲ್ಲಿ ಅವರದು ಕಿಟಕಿ ಪಕ್ಕದ ಜಾಗ. ಕಾರ್ಖಾನೆ ಮುಚ್ಚಿದಾಗ ಉಳಿದವರು ಹೊಲಿಗೆಗೆ, ಅಡುಗೆಗೆ ಹೋದರು. ಝರ್ಣಾ ಬೆಸುಗೆ ಕಡ್ಡಿಯನ್ನು ಚೀಲಕ್ಕೆ ಹಾಕಿಕೊಂಡು ರೇಡಿಯೋ-ಟಿವಿ ರಿಪೇರಿಯವರ ಚಾಂದನಿ ಬಜಾರಿಗೆ ನಡೆದರು. ಅಲ್ಲಿ ಒಂದು ಮೆಟ್ಟಿಲ ಕೆಳಗಿನ ಮೇಜು ಅವರದಾಯಿತು. ಪ್ಲಾಸ್ಮಾ ಕಾಲದಲ್ಲಿ ದಿನಕ್ಕೆ ನಾಲ್ಕು ಬರುತ್ತಿದ್ದವು, ಬೆನ್ನು ಬಿಚ್ಚಿ ಸರದಿಯಲ್ಲಿ ನಿಂತಿರುತ್ತಿದ್ದವು. ಈಗ ತಿಂಗಳಿಗೆ ಒಂದು ಬಂದರೆ ಹೆಚ್ಚು. ಸತ್ತ ಟಿವಿಗಳ ಬೋರ್ಡುಗಳನ್ನು ಬಿಸ್ಕತ್ತಿನ ಡಬ್ಬಿಗಳಲ್ಲಿ ಇಟ್ಟುಕೊಂಡಿದ್ದಾರೆ, ಬದುಕಿರುವವಕ್ಕೆ ಬೇಕಾಗುತ್ತದೆಂದು.

ದಕ್ಷಿಣ ಆಫ್ರಿಕಾದಲ್ಲಿ ವಿಶ್ವಕಪ್ ನಡೆದ ವರ್ಷ ಸಂಘ ಚಂದಾ ಎತ್ತಿತು. ಅಂಗಡಿಯಲ್ಲಿ ಒಂದೇ ಅಳತೆಯ ಎರಡು ಪ್ಲಾಸ್ಮಾಗಳು. ಒಂದರಲ್ಲಿ ಚಿತ್ರ ಮೂಡಿಸುವ ಚುಕ್ಕಿಗಳು ಎರಡೂವರೆ ಪಟ್ಟು ಹೆಚ್ಚು, ಬೆಲೆಯೂ ಹೆಚ್ಚು. ಕಾರ್ಯದರ್ಶಿ, ಓಣಿಗೆಲ್ಲ ಅಣ್ಣನಾದ ಪಾಂಚು ದಾ, ಹೆಚ್ಚು ಚುಕ್ಕಿಯದಕ್ಕೆ ಬೆರಳು ತೋರಿಸಿದರು. ಸಲಹೆ ಕೇಳಲೆಂದು ಕರೆದೊಯ್ದಿದ್ದ ಝರ್ಣಾ, ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಅಂಗಡಿಯ ಬಾಗಿಲಿನವರೆಗೂ ಹೋಗಿ ನಿಂತರು. ಅಲ್ಲಿಂದಲೇ ಕೂಗಿ ಹೇಳಿದರು: "ಇಲ್ಲಿಂದ ಎರಡೂ ಒಂದೇ, ದಾದಾ! ಕಡಿಮೆಯದೇ ಸಾಕು!"

"ನಮ್ಮ ಓಣಿಯ ಕೇಬಲ್‌ನಲ್ಲಿ ಬರೋದೇ ಮಸುಕು ಚಿತ್ರ," ಎಂದು ಈಗ ವಿವರಿಸುತ್ತಾರೆ. "ಅರ್ಧ ಸೇರು ಹಾಲಿಗೆ ಕೊಡಪಾನ ಯಾಕೆ? ಮತ್ತೆ ಕ್ಲಬ್ಬಲ್ಲಿ ಮುಂದೆ ಕೂರೋರು ಎಷ್ಟು ಜನ? ಉಳಿದ ಇಡೀ ಓಣಿ ಹಿಂದೆ ನಿಂತಿರ್ತಿತ್ತು. ನಾವು ಹೆಂಗಸರಂತೂ ಬಾಗಿಲಾಚೆ. ಚೆಂಡು ಓಡಿದಾಗ ಬಾಲ ಎಳೀಬಾರದು, ರಾತ್ರಿ ಆಟದ ಆಕಾಶ ಬೂದಿ ಬಣ್ಣ ಆಗಬಾರದು. ನಾನು ನೋಡಿದ್ದು ಅಷ್ಟೇ."

ಓಣಿ ನೋಡಿತು. ಕಿಟಕಿಯ ಸರಳಿಗೆ ಜೋತುಬಿದ್ದು, ಹೆಗಲೇರಿ, ಬಾಗಿಲ ಹೊರಗಿನ ಜಗಲಿಯಲ್ಲಿ ತುದಿಗಾಲಲ್ಲಿ ನಿಂತು. ಬ್ರೆಜಿಲ್ ಸೋತ ರಾತ್ರಿ ಎದ್ದು ಟಿವಿ ಆಫ್ ಮಾಡುವ ಶಕ್ತಿ ಯಾರಿಗೂ ಇರಲಿಲ್ಲ. ಕೇಬಲ್‌ನವನೂ ಬ್ರೆಜಿಲ್ ಭಕ್ತನೇ. ಸೋಲಿನ ಅಂಕದ ಪಟ್ಟಿಯನ್ನು ಕೇಬಲ್‌ನಲ್ಲಿ ಹಾಗೇ ನಿಲ್ಲಿಸಿ ಮನೆಗೆ ಹೋಗಿ ಮಲಗಿಬಿಟ್ಟಿದ್ದ. ಬೆಳಗಾಗುವಷ್ಟರಲ್ಲಿ ಅದು ಪರದೆಗೆ ಸುಟ್ಟ ಗಾಯದಂತೆ ಅಂಟಿತ್ತು. ಹಸಿರು ಮೈದಾನ ಬಂದಾಗ ಎಡಮೂಲೆಯಲ್ಲಿ ಆ ನೆರಳು ಇವತ್ತಿಗೂ ಕಾಣುತ್ತದೆ.

ಪಾಂಚು ದಾ ಮಾತ್ರ ಮೊದಲ ಸಾಲಿನ ಬೆತ್ತದ ಕುರ್ಚಿಯಿಂದ ಅಂದಿನಿಂದಲೂ ಚುಕ್ಕಿ ಎಣಿಸುತ್ತಿದ್ದಾರೆ. "ಬಾರಮ್ಮಾ, ಅರ್ಧ ಚುಕ್ಕಿ ಮಹಾರಾಣಿ," ಎಂದು ಇವತ್ತೂ ಸ್ವಾಗತಿಸುತ್ತಾರೆ.

"ಚುಕ್ಕಿ ಎಣಿಸೋಕೆ ಬರ್ತೀರೋ ಆಟ ನೋಡೋಕೋ?" ಎನ್ನುತ್ತಾರೆ ಝರ್ಣಾ.

"ಎರಡಕ್ಕೂ. ವಯಸ್ಸಾಯ್ತಲ್ಲ, ಬೇರೆ ಕೆಲಸ ಏನಿದೆ?"

ಆಟ ಶುರುವಾಗುತ್ತದೆ. ಚೆಂಡು ಮೈದಾನದ ಅಂಚಿನ ಕಡೆ ಹಾರಿದಾಗ ಹೊಸ ಟಿವಿಯಲ್ಲಿ ಅದಕ್ಕೊಂದು ತೆಳು ಬಾಲ. ಪ್ಲಾಸ್ಮಾದಲ್ಲಿ ಚೆಂಡು ಚೆಂಡಾಗಿಯೇ ಹೋಗುತ್ತದೆ. "ನೋಡಿದ್ಯೇನೋ ಟುಕಾಯಿ?" ಎಂದು ಯಾರೋ ಕಿಚಾಯಿಸುತ್ತಾರೆ. ಹತ್ತಿರದ ದೃಶ್ಯ ಬಂದಾಗ ಟುಕಾಯಿಯ ಸರದಿ: "ಈಗ ನೋಡಿ, ಅವನ ಹುಬ್ಬಿನ ಬೆವರು! ನಿಮ್ಮ ಡಬ್ಬೀಲಿ ಹುಬ್ಬೇ ಇಲ್ಲ!" ಝರ್ಣಾ ಎಂದಿನಂತೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಾರೆ.

ಮಧ್ಯಂತರದಲ್ಲಿ ಪಾಂಚು ದಾ ಎದ್ದು ನಿಲ್ಲುತ್ತಾರೆ. "ಝರ್ಣಾ, ಇಲ್ಲಿ ಬಾ. ನನ್ನ ಕುರ್ಚೀಲಿ ಕೂತು ನೋಡು. ಒಂದೇ ಒಂದು ಸಲ."

ಝರ್ಣಾ ಹಿಂಜರಿಯುತ್ತಾರೆ. ಈ ಕೋಣೆಯಲ್ಲಿ ಅವರು ತಂತಿ ಎಳೆದಿದ್ದಾರೆ, ಬೆಸುಗೆ ಹಾಕಿದ್ದಾರೆ, ಮೊದಲ ಸಾಲಿನಲ್ಲಿ ಕೂತದ್ದಿಲ್ಲ. ಕೊನೆಗೆ ಬಂದು ಕುರ್ಚಿಯ ತುದಿಗೆ ಕೂರುತ್ತಾರೆ. ಎರಡೂ ಪರದೆಗಳಲ್ಲಿ ಹುಲ್ಲು, ಎರಡರಲ್ಲೂ ಅದೇ ಆಟಗಾರ ನೀರು ಕುಡಿಯುತ್ತಿದ್ದಾನೆ.

"ಹೌದು ದಾದಾ," ಎನ್ನುತ್ತಾರೆ. "ಚುಕ್ಕಿ ಕಾಣುತ್ತೆ."

ಗೆದ್ದ ಪಾಂಚು ದಾ ತಮ್ಮ ಕುಡಿಕೆಯ ತಳ ನೋಡುತ್ತಿದ್ದಾರೆ.

ಝರ್ಣಾ ಪರದೆ ಬಿಟ್ಟು ಹಿಂದಕ್ಕೆ ತಿರುಗುತ್ತಾರೆ. ಕೋಣೆಯಲ್ಲಿ ಒಂಬತ್ತು ಜನ. ಒಂಬತ್ತೂ ಕುರ್ಚಿಗಳು ಪರದೆಯ ಹತ್ತಿರಕ್ಕೆ ಸರಿದುಬಂದಿವೆ. ಅವುಗಳ ಹಿಂದೆ ಬಾಗಿಲಿನವರೆಗೂ ಬರಿಯ ಸಿಮೆಂಟು ನೆಲ. ಉಳಿದವರು ತಮ್ಮ ತಮ್ಮ ಮನೆಯಲ್ಲಿ, ಹಾಸಿಗೆಯಲ್ಲಿ, ಅಂಗೈಯಗಲದ ಫೋನಿನಲ್ಲಿ ಇದೇ ಆಟ ನೋಡುತ್ತಿದ್ದಾರೆ.

"ಅವತ್ತು ಇಷ್ಟು ಹತ್ತಿರ ನೀವೊಬ್ಬರೇ ಇದ್ರಿ, ದಾದಾ. ಈಗ ಬಂದೋರೆಲ್ಲ ಮುಂದೇನೇ ಇದ್ದಾರೆ," ಎನ್ನುತ್ತಾರೆ. "ಇಷ್ಟು ಹತ್ತಿರ ಕೂರೋದಾದರೆ ಟುಕಾಯಿ ತಂದಿರೋದೇ ಸರಿ."

ಆಟ ಮುಗಿದು ಕೈ ಎತ್ತುವಾಗ ಹೊಸದರ ಪರವಾಗಿ ಮೊದಲು ಎದ್ದ ಕೈ ಝರ್ಣಾರದು. ಅವರದು ವೋಟಲ್ಲ, ಸದಸ್ಯತ್ವವೇ ಇಲ್ಲ, ಎಂದು ಟುಕಾಯಿ ನೆನಪಿಸುತ್ತಾನೆ. ಪಾಂಚು ದಾ ಅವನನ್ನು ಗದರುತ್ತಾರೆ: "ಬಾಯ್ಮುಚ್ಚೋ! ಎಣಿಸು." ಎಣಿಸಿದಾಗ ಗೆದ್ದದ್ದು ಹೊಸದೇ. ಆದರೂ ಗುಜರಿಯವನಿಗೆ ಫೋನ್ ಮಾಡುವ ಮಾತನ್ನು ಟುಕಾಯಿಯೂ ಎತ್ತುವುದಿಲ್ಲ.

ಆಫ್ ಮಾಡಿದ ಪ್ಲಾಸ್ಮಾ ಇನ್ನೂ ಬೆಚ್ಚಗಿದೆ. ಝರ್ಣಾ ಅದರ ಮೇಲೆ ಅಂಗೈ ಇಟ್ಟುಕೊಂಡೇ ತಮ್ಮ ಆಸೆ ಹೇಳುತ್ತಾರೆ.

"ಫೈನಲ್ ದಿನ ಇದನ್ನ ಹೊರಗೆ ಜಗಲಿ ಮೇಲೆ ಇಡಿ, ಓಣಿ ಕಡೆ ಮುಖ ಮಾಡಿ. ಕತ್ತಲಿರುತ್ತೆ, ಚೆನ್ನಾಗಿ ಕಾಣುತ್ತೆ. ಕುರ್ಚಿ ಮಾತ್ರ ಹಾಕಬೇಡಿ, ಎಲ್ಲರೂ ನಿಂತೇ ನೋಡಲಿ. ನಾನು ಓಣಿಯ ಆ ತುದಿಯ ಕೊಳಾಯಿ ಹತ್ತಿರ ನಿಂತ್ಕೋತೀನಿ. ನಾನಿದನ್ನ ಆರಿಸಿದ್ದು ಅಷ್ಟು ದೂರಕ್ಕೆ."