ಮಡ್ಡಿ ಹೊಲದ ಒಗರು

ನಮ್ಮ ಅಡುಗೆಮನೆಯ ಗೋಡೆಯ ಮಾಡದಲ್ಲಿ ಒಂದು ಸ್ಟೀಲ್ ಡಬ್ಬಿ ಇದೆ. ಅದರೊಳಗಿನ ಒಣದ್ರಾಕ್ಷಿ ಬೇಸಿಗೆ ಬಂತೆಂದರೆ ಒಂದಕ್ಕೊಂದು ಅಂಟಿಕೊಂಡು ಉಂಡೆಯಾಗಿಬಿಡುತ್ತದೆ. ಚಮಚದ ಹಿಡಿಯಿಂದ ಬಡಿದರೂ ಬಿಡಿಯಾಗುವುದಿಲ್ಲ, ಒಟ್ಟು ಕುಟುಂಬದ ಹಾಗೆ. ನಮ್ಮ ಜಿಲ್ಲೆಯ ಮನೆಗಳಲ್ಲಿ ದ್ರಾಕ್ಷಿಯ ಕತೆ ಹೆಚ್ಚುಕಡಿಮೆ ಇಷ್ಟೇ: ಬಳ್ಳಿಯಿಂದ ಒಣಗಿಸುವ ಶೆಡ್ಡಿಗೆ, ಶೆಡ್ಡಿನಿಂದ ಡಬ್ಬಿಗೆ, ಡಬ್ಬಿಯಿಂದ ಶಾವಿಗೆ ಪಾಯಸಕ್ಕೆ. ಹಣ್ಣಿನ ನೀರನ್ನು ಕಳೆದು ಸಿಹಿಯನ್ನು ಉಳಿಸಿಕೊಳ್ಳುವ ವಿದ್ಯೆ ನಮಗೆ ಚೆನ್ನಾಗಿ ಗೊತ್ತು. ಸಿಹಿಯನ್ನು ಕಳೆದು ನೀರನ್ನು ಉಳಿಸಿಕೊಳ್ಳುವ ಇನ್ನೊಂದು ವಿದ್ಯೆಯೂ ಇದೆ, ಅದನ್ನು ನಮ್ಮವರೇ ಒಬ್ಬರು ಕೈಗೆತ್ತಿಕೊಂಡಿದ್ದಾರೆ ಎಂದು ಮನೆಯಲ್ಲಿ ಯಾರೂ ದನಿ ಎತ್ತಿ ಹೇಳುವುದಿಲ್ಲ. ಆ ಒಬ್ಬರು ನಮ್ಮ ಶಂಕ್ರಪ್ಪ ಕಾಕಾ, ನನ್ನ ತಂದೆಯ ತಮ್ಮ.

ಹೊಲ ಪಾಲಾದಾಗ ಕಪ್ಪು ಎರೆಭೂಮಿ ನಮ್ಮಪ್ಪನ ಪಾಲಿಗೆ ಬಂತು. ಝಳಕಿಯ ಆಚೆಗಿನ ಕಲ್ಲುದಿಬ್ಬದ ಇಳಿಜಾರು ಕಾಕಾನ ಪಾಲಿಗೆ. ಅಂಥ ನೆಲವನ್ನು ನಮ್ಮ ಕಡೆ ಮಡ್ಡಿ ಎನ್ನುತ್ತಾರೆ. ಮೇಲೆ ಗೇಣುದ್ದ ಗರಸು ಮಣ್ಣು, ಕೆಳಗೆ ಕರಿಬಂಡೆ. ಮಡ್ಡಿ ಎನ್ನುವಾಗ ನಮ್ಮ ಮನೆಯ ಹಿರಿಯರ ತುಟಿ ತುಸು ಸೊಟ್ಟಗಾಗುತ್ತಿತ್ತು. ಬೆಳೆ ಬಾರದ ಭೂಮಿಯ ಹೆಸರನ್ನೇ ಹಾಗೆ ಉಚ್ಚರಿಸುವುದೋ, ಅದನ್ನು ಪಡೆದವನ ಹೆಸರನ್ನೋ, ಆಗ ನನಗೆ ತಿಳಿಯುತ್ತಿರಲಿಲ್ಲ. ಕಾಕಾ ಯಾರೊಡನೆಯೂ ತಕರಾರು ತೆಗೆಯದೆ, ಆ ದಿಬ್ಬದ ಮೇಲೆ ವೈನಿನ ಕಪ್ಪು ದ್ರಾಕ್ಷಿಯ ಬಳ್ಳಿ ಹಚ್ಚಿದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಒಂದು ಹನಿ ನಾಲಿಗೆಗೆ ಮುಟ್ಟಿಸಿಕೊಂಡವರಲ್ಲ. ತಾನು ಬೆಳೆದದ್ದು ಕೊನೆಗೆ ಏನಾಗುತ್ತದೆಂದು ಎಂದೂ ರುಚಿ ನೋಡಲಾರದ ಬೆಳೆಗಾರ! ಇಂಥದೊಂದು ವಿಷಯ ಕೊಟ್ಟರೆ ನಾನು ಅರ್ಧ ತಾಸು ನಿಲ್ಲದೆ ಮಾತಾಡಬಲ್ಲೆ.

ಮಾತಾಡುವುದು ನನ್ನ ಹಳೆಯ ಚಟ. ಮುದ್ದೇಬಿಹಾಳದ ವೇದಿಕೆಯಲ್ಲಿ ಒಂದು ವಿಷಯದ ಪರವಾಗಿ, ಬಸವನ ಬಾಗೇವಾಡಿಯ ವೇದಿಕೆಯಲ್ಲಿ ಅದೇ ವಿಷಯದ ವಿರೋಧವಾಗಿ ವಾದಿಸಿ ಎರಡು ಕಡೆಯಿಂದಲೂ ಬಹುಮಾನದ ಕಪ್ಪು ಹೊತ್ತು ತಂದವಳು ನಾನು. ಈಗ ಸಿಂದಗಿಯಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗಿದ್ದೇನೆ. ಚಟಕ್ಕೆ ಕರಿ ಕೋಟು ಸಿಕ್ಕಿದೆ, ಅಷ್ಟೇ ವ್ಯತ್ಯಾಸ. ಸಂಕ್ರಮಣ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ವೈನರಿಯಲ್ಲಿ ರುಚಿ ನೋಡುವ ಕಾರ್ಯಕ್ರಮವಿದೆ, ನೀನು ಬರಬೇಕು ಎಂದು ಕಾಕಾ ಫೋನು ಮಾಡಿದ್ದು ಈ ಚಟವನ್ನು ನಂಬಿಕೊಂಡೇ. ಕಳೆದ ಸುಗ್ಗಿಯಲ್ಲಿ ಅವರ ಮಡ್ಡಿಯ ಹಣ್ಣಿನ ವೈನನ್ನು ಪರೀಕ್ಷೆಗೆಂದು ಬೇರೆಯಾಗಿಯೇ ಇಟ್ಟಿದ್ದರಂತೆ. ಈ ಸಲವೂ ಅದಕ್ಕೆ ಪ್ರತ್ಯೇಕ ಟ್ಯಾಂಕು ಕೊಡುವುದೋ, ಎಲ್ಲರ ಹಣ್ಣಿನ ಜೊತೆ ಕಲಸಿಬಿಡುವುದೋ ಎಂದು ಅವತ್ತು ತೀರ್ಮಾನವಾಗಬೇಕು. ಕಲಸಿದರೆ ಆ ಬಳ್ಳಿಗಳನ್ನು ಕಿತ್ತೇ ಬಿಡುತ್ತೇನೆ ಎಂದರು ಕಾಕಾ. ಅಷ್ಟು ಹೇಳಿ, "ನೀ ಮಾತಾಡಾಕಿ ಇದ್ದಿ. ನನ್ನ ಕಡಿಂದ ಎರಡು ಮಾತಾಡು ಬಾ ಯವ್ವಾ" ಎಂದರು.

ಇಂಡಿ ದಾಟುವಾಗ ಬಸ್ಸಿನ ಕಿಟಕಿಯಲ್ಲಿ ಲಿಂಬೆಯ ತೋಟಗಳು, ಅವುಗಳ ಆಚೆ ತೆನೆ ಹೊತ್ತ ಬಿಳಿಜೋಳ. ಝಳಕಿಯಲ್ಲಿ ಇಳಿದ ನನ್ನನ್ನು ಕಾಕಾ ತಮ್ಮ ಮೋಟರ್ ಸೈಕಲ್ಲಿನ ಮೇಲೆ ಕರೆದೊಯ್ದರು. ವೈನರಿಯೆಂದರೆ ನೀವು ಚಿತ್ರಗಳಲ್ಲಿ ನೋಡಿದ ಕಲ್ಲಿನ ಕೋಟೆಯನ್ನು ಕಲ್ಪಿಸಿಕೊಳ್ಳಬೇಡಿ. ತಗಡಿನ ದೊಡ್ಡ ಶೆಡ್ಡು, ಒಳಗೆ ಹಾಲಿನ ಡೈರಿಯಲ್ಲಿ ಇರುವಂಥ ಹೊಳೆಯುವ ಟ್ಯಾಂಕುಗಳು, ಮುಂದೆ ಬೇವಿನ ನೆರಳಿನಲ್ಲಿ ಒಂದು ಮೇಜು. ಗೇಟಿನ ಬೋರ್ಡಿನ ಮೇಲೆ ಮಾತ್ರ ಜ್ವಾಲಾಮುಖಿಯ ಇಳಿಜಾರಿನ ದ್ರಾಕ್ಷಾರಸ ಎಂದು ಬರೆದು, ಹೊಗೆಯುಗುಳುವ ಬೆಟ್ಟವೊಂದನ್ನು ಬಿಡಿಸಿದ್ದರು. ನಮ್ಮ ಜಿಲ್ಲೆಯಲ್ಲಿ ಹೊಗೆಯುಗುಳುವುದು ಇಟ್ಟಂಗಿ ಭಟ್ಟಿ ಮತ್ತು ಸಕ್ಕರೆ ಕಾರ್ಖಾನೆ ಮಾತ್ರ. ನನ್ನೊಳಗಿನ ವಿರೋಧ ಪಕ್ಷ ಆ ಬೋರ್ಡಿನ ಬುಡದಲ್ಲೇ ಎದ್ದು ಕುಳಿತಿತು.

ಅಲ್ಲಿ ಕಾಯುತ್ತಿದ್ದವರು ಇಬ್ಬರು. ವೈನ್ ತಯಾರಿಸುವ ಸುನೀತಾ ಮೇಡಂ, ಸಾಂಗ್ಲಿ ಕಡೆಯವರು, ನಮ್ಮ ಮಾತನ್ನು ಮರಾಠಿಯ ಏರಿಳಿತದಲ್ಲಿ ಆಡುವವರು. ಇನ್ನೊಬ್ಬರು ದಸ್ತಗೀರ್ ಮಾಮಾ, ದಿಬ್ಬದ ಕೆಳಗಿನ ಎರೆಭೂಮಿಯಲ್ಲಿ ಅದೇ ಜಾತಿಯ ದ್ರಾಕ್ಷಿ ಬೆಳೆದವರು, ಕಾಕಾನ ಜೀವದ ಗೆಳೆಯ ಮತ್ತು ಆ ಕಾರಣದಿಂದಲೇ ಖಾಯಂ ಪ್ರತಿಸ್ಪರ್ಧಿ. ಅವರೂ ಕುಡಿಯುವವರಲ್ಲ. ಕುಡಿಯುವುದು ತಪ್ಪಾದರೆ ಬೆಳೆಯುವುದು ಹೇಗೆ ಸರಿ ಎಂದು ನಾನು ಕೇಳದೆ ಇರಲಾಗಲಿಲ್ಲ. ಮಾಮಾ ನಕ್ಕರು. "ನಾ ಹಣ್ಣು ಬೆಳೀತೇನಿ, ಹಣ್ಣು ಮಾರ್ತೇನಿ. ಆಮ್ಯಾಲೆ ಅದು ಯಾಕ ಕೆಟ್ಟ ಚಾಳಿ ಹಿಡೀತಂತ ಹಣ್ಣನ್ನs ಕೇಳ್ರಿ, ವಕೀಲಬಾಯಾರ."

ಎಲ್ಲಕ್ಕಿಂತ ಮೊದಲು ಊಟ. ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕೂಡಿಸಿ ಯಾವ ಕೆಲಸವನ್ನೂ ಆರಂಭಿಸುವುದು ನಮ್ಮಲ್ಲಿಲ್ಲ. ಕಾಕಿ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದ್ದಾಯಿತು: ಕಟಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮತ್ತೆ ಹಣ್ಣುಮೆಣಸಿನಕಾಯಿ ಬೆಳ್ಳುಳ್ಳಿ ಅರೆದ ಕೆಂಪು ರಂಜಕ. ಮೇಡಂ ಬೇಡವೆನ್ನಲು ನೋಡಿದರು, ಕಾಕಾ ಬಿಡಲಿಲ್ಲ. ಊಟ ನಡೆದಂತೆಯೇ ಮೇಡಂ ಈ ನೆಲದ ಕತೆ ಹೇಳತೊಡಗಿದರು: ಯಾವುದೋ ಕಾಲದಲ್ಲಿ ಇಲ್ಲೆಲ್ಲ ಬೆಂಕಿಯ ರಸ ಹರಿದು ಹೆಪ್ಪುಗಟ್ಟಿ ಕರಿಬಂಡೆಯಾಯಿತು, ಕಾಕಾನ ಬಳ್ಳಿಯ ಬೇರು ಆ ಬಂಡೆಯ ಬಿರುಕಿನಲ್ಲಿ ಇಳಿದಿದೆ, ಅದಕ್ಕೇ ಅದರ ವೈನಿನಲ್ಲಿ ಸುಟ್ಟ ಕಲ್ಲಿನ ವಾಸನೆ ಬರುತ್ತದೆ. ಕಾಕಾ ಹೂಂಗುಟ್ಟುತ್ತ ನನ್ನತ್ತ ನೋಡಿದರು. ಈಗ ಮಾತಾಡು ಎಂಬುದು ಆ ನೋಟದ ಅರ್ಥ.

ಮಾತಾಡಿದೆ. ಬೇರು ನೀರು ಕುಡಿಯುತ್ತದೆಯೇ ಹೊರತು ಬಂಡೆಯನ್ನಲ್ಲ ಎಂದೆ. ಇಲ್ಲಿ ಬೋರ್ಡಿನ ಮೇಲಿರುವಂಥ ಬೆಟ್ಟ ಎಂದೂ ಇರಲಿಲ್ಲ, ನೆಲ ಬಿರಿದು ರಸ ಹಾಸು ಹಾಸಾಗಿ ಹರಡಿದ್ದು ಎಂದೆ. ಆಮೇಲೆ, ಕೊನೆಗೆಂದು ಕಾದಿಟ್ಟಿದ್ದನ್ನು ತೆಗೆದೆ: ದಸ್ತಗೀರ್ ಮಾಮಾನ ಕಪ್ಪು ಎರೆ ಎಲ್ಲಿಂದ ಬಂತು? ಅದೇ ಬಂಡೆ ಯುಗಯುಗಗಳಲ್ಲಿ ಕರಗಿ ಪುಡಿಯಾಗಿ ಆದದ್ದಲ್ಲವೇ? ಬೆಂಕಿಯೇ ರುಚಿಗೆ ಕಾರಣವಾದರೆ ಮೇಲಿನದಕ್ಕೂ ಕೆಳಗಿನದಕ್ಕೂ ಒಂದೇ ರುಚಿ ಇರಬೇಕು. ಮಾಮಾ ಖುಷಿಯಿಂದ ತೊಡೆ ತಟ್ಟಿಕೊಂಡು, ಹಾಗಾದರೆ ತಮ್ಮದೂ ಬೆಂಕಿಯ ಹೊಲವೇ ಆಯಿತಲ್ಲ ಎಂದರು. ವೇದಿಕೆಯಾಗಿದ್ದರೆ ಚಪ್ಪಾಳೆ ಬೀಳುವ ಹೊತ್ತು. ಕಾಕಾ ಮಾತ್ರ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡುತ್ತಿದ್ದರು. ತಾನೇ ವಕಾಲತ್ತು ಕೊಟ್ಟ ವಕೀಲೆ ಎದುರು ಪಕ್ಷದ ಪರವಾಗಿ ಎದ್ದು ನಿಂತದ್ದನ್ನು ಕಂಡ ಕಕ್ಷಿದಾರನ ಮುಖ.

ಮಾತು ಹಿಂತೆಗೆದುಕೊಳ್ಳಲು ಬರುವುದಿಲ್ಲವಲ್ಲ, ಪರೀಕ್ಷೆ ಮಾಡೋಣ ಎಂದೆ. ಮೂರು ಗ್ಲಾಸು, ಎರಡರಲ್ಲಿ ಒಂದೇ ಹೊಲದ್ದು, ಒಂದರಲ್ಲಿ ಇನ್ನೊಂದರದ್ದು, ಯಾವುದರಲ್ಲಿ ಯಾವುದೆಂದು ಸುರಿದವರಿಗಷ್ಟೇ ಗೊತ್ತಿರಬೇಕು. ಬೇರೆಯದು ಯಾವುದೆಂದು ಗುರುತು ಸಿಗದಿದ್ದರೆ ಬೇರೆ ಟ್ಯಾಂಕೂ ಬೇಡ. ಮೇಡಂ ತಕ್ಷಣ ಒಪ್ಪಿದರು. ಒಪ್ಪಿದ ಮೇಲೆ, ಬಾಯೊಳಗೆ ಗಾಳಿ ಎಳೆದುಕೊಳ್ಳುತ್ತ, ಈಗಲ್ಲ ಎಂದರು. ರಂಜಕದಿಂದ ನಮ್ಮಿಬ್ಬರ ನಾಲಿಗೆಯೂ ಉರಿಯುತ್ತಿತ್ತು. ಆ ಸ್ಥಿತಿಯಲ್ಲಿ ವೈನಿಗೂ ಸೀಮೆ ಎಣ್ಣೆಗೂ ವ್ಯತ್ಯಾಸ ತಿಳಿಯುವಂತಿರಲಿಲ್ಲ. ಜಗತ್ತಿನ ಬೇರೆ ಯಾವ ವೈನ್ ರುಚಿಯ ಸಭೆಯೂ ಖಾರ ಇಳಿಯಲೆಂದು ಮುಂದಕ್ಕೆ ಹೋದದ್ದನ್ನು ನಾನು ಕೇಳಿಲ್ಲ. ಗಟ್ಟಿ ಮೊಸರು ತಿಂದು, ನಾಲಿಗೆ ನಮ್ಮ ಕೈಗೆ ಬರುವವರೆಗೆ ಕಾಕಾನ ಹೊಲ ನೋಡಿಬರಲು ಹೊರಟೆವು, ಕಾಕಾ ಮತ್ತು ನಾನು.

ದಿಬ್ಬದ ಮೇಲೆ ಗಾಳಿ ಚೆನ್ನಾಗಿತ್ತು. ಬಳ್ಳಿಗಳು ಮಾಮಾನ ತೋಟದವುಗಳಂತೆ ಸೊಕ್ಕಿ ಹಬ್ಬಿರಲಿಲ್ಲ. ಎಲೆ ಚಿಕ್ಕವು, ಗೊನೆ ಚಿಕ್ಕವು, ಕಾಳುಗಳು ನೇರಳೆ ಹಣ್ಣಿನ ಬಣ್ಣದವು, ಆದರೆ ಅದಕ್ಕಿಂತ ಎಷ್ಟೋ ಸಣ್ಣವು. ಒಂದನ್ನು ಬಾಯಿಗೆ ಹಾಕಿಕೊಂಡೆ. ಸಿಹಿ ಬಂದು ಹೋಯಿತು, ಸಿಪ್ಪೆ ಹಲ್ಲಿನ ಸಂದಿಯಲ್ಲಿ ಉಳಿದು ಬಹಳ ಹೊತ್ತು ಏನನ್ನೋ ಹೇಳುತ್ತಲೇ ಇತ್ತು. ಕೆಳಗಿನ ಬದುವಿನ ಹತ್ತಿರ ಕಪ್ಪು ಮಣ್ಣಿನ ಗುಂಪಿಗಳು ಬಿದ್ದಿದ್ದವು. ಅದೇನೆಂದು ಕೇಳಿದೆ. ಎರೆ ಮಣ್ಣು, ಟ್ರ್ಯಾಕ್ಟರಿನವ ತಂದು ಹಾಕುತ್ತಿದ್ದಾನೆ, ಇಂದು ಸಂಜೆಗೂ ತರುತ್ತಾನೆ, ಹಣ್ಣು ಕಡಿದ ಮೇಲೆ ದಿಬ್ಬದ ತುಂಬ ಹರಡುವುದು ಎಂದರು. ನಮ್ಮ ಕಡೆ ಇದು ಹೊಸದಲ್ಲ. ಗರಸು ಹೊಲವಿದ್ದವರು ಕೆರೆಯ ಹೂಳನ್ನೋ ಎರೆಯನ್ನೋ ಹೊರಿಸಿ ತಂದು ಹೊಲದ ಬಣ್ಣ ಬದಲಿಸುತ್ತಾರೆ. ಕಪ್ಪಗಿರುವ ಹೊಲಕ್ಕೆ ಊರಿನಲ್ಲಿ ಮರ್ಯಾದೆ ಇದೆ, ಮದುವೆಯ ಮಾತುಕತೆಯಲ್ಲೂ ಇದೆ. ಟ್ಯಾಂಕು ಸಿಕ್ಕರೆ ಬಳ್ಳಿಗೆ ಒಳ್ಳೆಯ ಮಣ್ಣು, ಸಿಗದಿದ್ದರೆ ಬಳ್ಳಿ ಕಿತ್ತು ಒಣದ್ರಾಕ್ಷಿಯ ತಳಿ ಹಚ್ಚಲು ಒಳ್ಳೆಯ ಮಣ್ಣು. ಕಾಕಾನ ಲೆಕ್ಕದಲ್ಲಿ ಎರಡೂ ಕಡೆಗೆ ಎರೆ ಬೇಕೇ ಬೇಕು.

ಹಿಂದಿರುಗುವಾಗ ಅವರು ನಿಂತರು. "ಅದನ್ನ ನಾ ಕುಡಿಯಂಗಿಲ್ಲ, ನೀ ಕುಡೀತಿ. ಏನಿರ್ತೈತೋ ಅದನ್ನ ಹೇಳು. ಕಾಕಾ ಅಂತ ನನ್ನ ಮಾರಿ ನೋಡಿ ಹೇಳಬ್ಯಾಡ" ಎಂದರು. ಓದುಗ ಮಿತ್ರರೇ, ತೀರ್ಪುಗಾರರ ಮುಂದೆ ನಾನು ಎಷ್ಟೋ ಸಲ ನಿಂತಿದ್ದೇನೆ. ತೀರ್ಪು ನಾನೇ ಹೇಳಬೇಕಾಗಿ ಬಂದದ್ದು ಅದೇ ಮೊದಲು. ಎರೆಯ ಜೋಳ ಉಂಡು ಬೆಳೆದ ನಾನು ಮಡ್ಡಿಯ ಬಗ್ಗೆ ತೀರ್ಪು ಕೊಡಬೇಕು.

ಸುರಿಯುವವರು ಯಾರು ಎಂಬುದೇ ಮೊದಲ ತೊಡಕು. ಮೇಡಂ ಸುರಿಯುವಂತಿಲ್ಲ, ಅವರೂ ಪರೀಕ್ಷೆಗೆ ಕೂತವರು. ಕಾಕಾ ಬಾಟಲಿ ಮುಟ್ಟಲಾರರು, ಮಾಮಾ ಮುಟ್ಟಲೊಲ್ಲರು. ಕೊನೆಗೆ ಟ್ಯಾಂಕು ತೊಳೆಯುವ ಗೌರಕ್ಕ ಶೆಡ್ಡಿನೊಳಗೆ ಹೋಗಿ, ಮೂರು ಗ್ಲಾಸು ತುಂಬಿ, ಪರಾತದಲ್ಲಿಟ್ಟುಕೊಂಡು ಬಂದಳು, ಆರತಿ ತಂದ ಗಾಂಭೀರ್ಯದಲ್ಲಿ. ಆಗ ಕಾಕಾ ತಮ್ಮ ಕುರ್ಚಿಯನ್ನು ಎತ್ತಿ ಇನ್ನೊಂದು ದಿಕ್ಕಿಗೆ ತಿರುಗಿಸಿ, ನಮಗೆ ಬೆನ್ನು ಹಾಕಿ ಕುಳಿತರು. ಅಣ್ಣನ ಮಗಳು ತನ್ನ ಎದುರಿಗೆ ಕುಡಿದಳೆಂದು ಆಗಬಾರದು. ಬೆನ್ನ ಹಿಂದೆ ಏನಾದರೂ ಆಗಲಿ. ಸಂಪ್ರದಾಯಕ್ಕೂ ಪ್ರೀತಿಗೂ ಒಟ್ಟಿಗೆ ಜಾಗ ಮಾಡಿಕೊಡಲು ಒಂದು ಕುರ್ಚಿ ಸಾಕೆಂದು ನಾನು ಯಾವ ವಾದದಲ್ಲೂ ಕಲಿತಿರಲಿಲ್ಲ.

ಮೇಡಂ ಮೂಸಿ, ಗುಟುಕರಿಸಿ, ಬಾಯಿ ಮುಕ್ಕಳಿಸಿ ಬಕೆಟ್ಟಿಗೆ ಉಗುಳಿದರು. ಹಿರಿಯರಿರುವಲ್ಲಿ ಉಗುಳುವುದು ಕುಡಿಯುವುದಕ್ಕಿಂತ ದೊಡ್ಡ ಅವಮರ್ಯಾದೆ ಎನಿಸಿ ನಾನು ನುಂಗಿದೆ. ಸುಟ್ಟ ಕಲ್ಲಿನ ವಾಸನೆ ಹುಡುಕಿದೆ, ಸಿಗಲಿಲ್ಲ. ಎಲ್ಲ ಗ್ಲಾಸಿನಲ್ಲೂ ಹಣ್ಣಿನ, ಹುಳಿಯ, ಒದ್ದೆ ಮರದ ಹಾಗಿನ ವಾಸನೆ. ಮೊದಲ ಗ್ಲಾಸು ಮೆತ್ತಗೆ ಇಳಿಯಿತು, ಎರಡನೆಯದೂ ಹಾಗೆಯೇ. ಮೂರನೆಯದು ಒಸಡನ್ನು ಹಿಡಿದುಕೊಂಡು ಇಳಿಯಲೊಲ್ಲೆನೆಂದು ನಿಂತಿತು, ದಿಬ್ಬದ ಮೇಲೆ ತಿಂದ ಹಣ್ಣಿನ ಸಿಪ್ಪೆಯ ಹಾಗೆ. ಮೇಡಂ ಮತ್ತು ನಾನು ಮಾತಾಡದೆ ಬೆರಳು ತೋರಿಸಿದೆವು. ಎರಡೂ ಬೆರಳು ಒಂದೇ ಗ್ಲಾಸಿನತ್ತ. ಗೌರಕ್ಕ, ಅದೇ ಮಡ್ಡಿಯದು, ಉಳಿದೆರಡು ಎರೆಯವು ಎಂದಳು.

ಕಾಕಾ ತಿರುಗಲಿಲ್ಲ. ಯಾವುದು ಚೆನ್ನಾಗಿದೆ ಎಂದು ಬೆನ್ನು ಹಾಕಿಕೊಂಡೇ ಕೇಳಿದರು. ಇಲ್ಲಿ ಒಂದು ಸಣ್ಣ ಸುಳ್ಳು ಬಹಳ ಅಗ್ಗವಾಗಿ ಸಿಗುತ್ತಿತ್ತು.

"ನಂಗ ಮಾಮಾಂದು ಹಿಡಿಸ್ತು, ಕಾಕಾ" ಎಂದೆ. "ನಿಮ್ಮದು ಒಗರು ಐತಿ. ಆದ್ರ ಬ್ಯಾರೇನs ಐತಿ."

ಮಾಮಾ ಕೂಡ ಗೆಳೆಯನನ್ನು ಕೆಣಕಲಿಲ್ಲ. ಆಮೇಲೆ ಮೇಡಂ, ನನಗೆ ಬೇಕಾದದ್ದು ಆ ಒಗರೇ, ಅದು ಪಳಗಲು ಕಾಲ ಬೇಕು, ಪಳಗಿದ ಮೇಲೆ ಹಿಡಿಸುತ್ತದೆಂದು ಈಗಲೇ ಮಾತು ಕೊಡಲಾರೆ, ಟ್ಯಾಂಕು ಮಾತ್ರ ಬೇರೆ ಕೊಡುತ್ತೇನೆ ಎಂದರು. ಒಗರು ಎಲ್ಲಿಂದ ಬಂತು ಎಂದು ನಾನು ಪಟ್ಟು ಹಿಡಿದೆ. ಮಣ್ಣು ತೆಳುವಾಗಿ ನೀರು ನಿಲ್ಲದಿದ್ದರೆ ಕಾಳು ಸಣ್ಣದಾಗುತ್ತದೆ, ಸಣ್ಣ ಕಾಳಿನಲ್ಲಿ ರಸ ಕಡಿಮೆ, ಸಿಪ್ಪೆಯ ಪಾಲು ಹೆಚ್ಚು ಎಂದು, ಈ ಸಲ ಬೆಂಕಿಯ ಸುದ್ದಿ ತೆಗೆಯದೆ, ಬಿಡಿಸಿ ಹೇಳಿದರು. ಕೇಳುತ್ತಿದ್ದಂತೆ ನನಗೆ ಬದುವಿನ ಹತ್ತಿರದ ಕಪ್ಪು ಗುಂಪಿಗಳು ನೆನಪಾದವು.

ಅವತ್ತು ನಾನು ಕಾಕಾನ ಪರವಾಗಿ ಆಡಿದ ಒಂದೇ ವಾದ ಇದು, ಅದೂ ಅವರದೇ ವಿರುದ್ಧ: ಎರೆ ಹರಡಿದರೆ ಮುಂದಿನ ವರ್ಷ ಮೂರು ಗ್ಲಾಸೂ ಒಂದೇ ಆಗುತ್ತವೆ; ನಮ್ಮ ಹೊಲದ ಹಾಗೆ ಮಾಡಲು ಹೋಗಿ ನಿಮ್ಮದನ್ನು ನೀವೇ ಅಳಿಸಿಬಿಡುತ್ತೀರಿ ಎಂದೆ. ಮಣ್ಣಿನ ಸಂಗತಿ ಮೇಡಂಗೆ ಗೊತ್ತೇ ಇರಲಿಲ್ಲ. ಅವರು ಗಾಬರಿಯಿಂದ ಗ್ಲಾಸು ಕೆಳಗಿಟ್ಟರು. ಕಾಕಾ ಕುರ್ಚಿ ತಿರುಗಿಸಿ ನನ್ನ ಮುಖವನ್ನು ನೇರವಾಗಿ ನೋಡಿದರು. ಅವರಿಗೆ ಚೆನ್ನಾಗಿದೆ ಎಂಬ ಮಾತು ಬೇಕಿತ್ತೆಂದು ನಾನು ಇಷ್ಟು ಹೊತ್ತು ಎಣಿಸಿದ್ದೆ. ಕೀಳು ಎಂಬುದಕ್ಕೂ ಬೇರೆ ಎಂಬುದಕ್ಕೂ ನಡುವೆ ಎಷ್ಟು ದೊಡ್ಡ ಬಯಲಿದೆಯೆಂಬುದು, ಕೀಳು ಎನಿಸಿಕೊಂಡು ಬಹುಕಾಲ ಬದುಕಿದವರಿಗಷ್ಟೇ ಕಾಣುತ್ತದೆಯೋ ಏನೋ. ಅವರ ಕಣ್ಣಿನಲ್ಲಿದ್ದದ್ದು ಗೆಲುವಲ್ಲ, ಒಂದು ಬಗೆಯ ಕುತೂಹಲ. ದಿನವೂ ತುಳಿದ ನೆಲವನ್ನು ಈಗಷ್ಟೇ ಯಾರೋ ಪರಿಚಯ ಮಾಡಿಕೊಟ್ಟ ಹಾಗೆ.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಟ್ರ್ಯಾಕ್ಟರಿನವ, ಮಣ್ಣು ತುಂಬಿಸಿಕೊಂಡು ಹೊರಡಲೇ ಎಂದು ಕೇಳುತ್ತಿದ್ದ. ಬೇಡ ಎಂದರು ಕಾಕಾ. ಆ ಕಡೆಯವ ಬಿಡಲಿಲ್ಲ. ಒಳ್ಳೆಯ ಎರೆ, ಇಂಥದು ಮತ್ತೆ ಸಿಗುವುದಿಲ್ಲ, ಬರೀ ಕಲ್ಲಿನ ಮೇಲೆ ಏನು ಬೆಳೆಯುತ್ತೀರಿ ಎಂದು ಕೂಗುತ್ತಿದ್ದದ್ದು ನಮಗೆಲ್ಲ ಕೇಳುತ್ತಿತ್ತು. ಕಾಕಾ ಅವನ ಮಾತು ಪೂರ್ತಿ ಮುಗಿಯುವವರೆಗೆ ಕಾದರು.

"ಇಲ್ಲೋ ಮಾರಾಯಾ" ಎಂದರು, "ನಂದು ಮಡ್ಡಿ ಐತಿ. ಮಡ್ಡೀನs ಇರ್ಲಿ."