ರಾಕ್ಷಸನ ಕಡೆಯ ಶಿಯೋಮಿ ಅಜ್ಜಿ

ಭಾನುವಾರ ಬೆಳಿಗ್ಗೆ ಓಸಾಕಾದ ಒಂದು ಕಾಫಿ ಅಂಗಡಿಯ ಟೀವಿಯಲ್ಲಿ ಮಕ್ಕಳ ಧಾರಾವಾಹಿಯ ಮುಖವಾಡದ ವೀರ ಬಂದನೆಂದರೆ ನೆರೆದವರೆಲ್ಲ ಅವನ ಕಡೆ. ಶಿಯೋಮಿ ಅಜ್ಜಿಯೊಬ್ಬಳೇ ರಾಕ್ಷಸನ ಕಡೆ. ವೀರ ಕಾಲೆತ್ತಿದರೆ ಸಾಕು, "ಮೆಲ್ಲಗೆ ಒದಿಯೋ, ಮುಂಡೇದೆ!" ಎಂದು ಬೆಣ್ಣೆ ಸವರಿದ ಬ್ರೆಡ್ಡನ್ನೇ ಟೀವಿಯತ್ತ ಝಳಪಿಸುತ್ತಾಳೆ. ಈ ವಾರ ಏಡಿರಾಕ್ಷಸ ಕಲ್ಲುಕ್ವಾರಿಯ ದಿಬ್ಬದಿಂದ ಉರುಳಿ ಸಿಡಿದುಹೋದಾಗ ಅಂಗಡಿಯೆಲ್ಲ ಚಪ್ಪಾಳೆ. ಅಜ್ಜಿ ಮಾತ್ರ "ಮೊಣಕೈ ತರಚಿತೇನೋ" ಎಂದು ಲೊಚಗುಟ್ಟಿದಳು. "ಅದು ಊರನ್ನೇ ನುಂಗ್ತಿತ್ತಲ್ಲ ಅಜ್ಜೀ!" ಎಂದು ಅಂಗಡಿ ನಡೆಸುವ ಮೊರಿಯೋ ಛೇಡಿಸಿದ. "ನುಂಗ್ಲಿ ಬಿಡೋ, ಬೆಳಿಗ್ಗಿಂದ ಏನೂ ತಿಂದಿರಲ್ಲ, ಪಾಪ." ಮನೆಗೆ ಬಂದವಳೇ, ಬದುಕಿದ್ದಷ್ಟು ಕಾಲ ಇಂಥವೇ ರಾಕ್ಷಸರ ವೇಷದೊಳಗೆ ಬೆವರಿ, ಒಮ್ಮೆಯೂ ತೆರೆಯ ಮೇಲೆ ಮುಖ ಕಾಣಿಸದೆ ಹೋದ ಗಂಡನ ಪಟದ ಮುಂದೆ ತಣ್ಣನೆಯ ಬಾರ್ಲಿ ಚಹಾ ಇಟ್ಟಳು. "ಇವತ್ತಿನ ಹುಡುಗ ಚೆನ್ನಾಗೇ ಬಿದ್ದ ಕಣ್ರೀ," ಎಂದಳು, "ಆದ್ರೂ ನಿಮ್ಮ ಹಾಗೆ ಬೀಳೋರು ಯಾರೂ ಇಲ್ಲ."